ಗ್ರೂಪಿಗೆ ಹಾಕಿದ ಮಾತು

ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಮೋಟೆಬೆನ್ನೂರು, ಕದರಮಂಡಲಗಿ, ಕಾಗಿನೆಲೆ ಕಡೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ ಓಡಾಡುತ್ತದೆ: "ಏನ್ ರೇಟ್ ನಡದೈತ್ರಿ?" ಅವೆರಡೂ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಿನಗಳು. ಉತ್ತರ ಬರುವಷ್ಟರಲ್ಲಿ ಬೇರೆ ಹತ್ತು ಸಂಗತಿ ಬಂದು ಬಿದ್ದಿರುತ್ತವೆ. ಯಾರದೋ ಆಕಳು ತಪ್ಪಿಸಿಕೊಂಡಿದೆ. ನಾಳೆ ಹತ್ತರಿಂದ ಕರೆಂಟ್ ಇಲ್ಲ ಎಂಬ ಹೆಸ್ಕಾಂ ಪ್ರಕಟಣೆಯ ಫೋಟೊ. ಊರಿನ ಹಿರಿಯರೊಬ್ಬರು ಶಿವಾಧೀನರಾದ ಸುದ್ದಿ, ಅದರ ಕೆಳಗೆ ಸಾಲುಸಾಲು ಮುಗಿದ ಕೈಗಳು. "ಗೃಹಲಕ್ಷ್ಮಿ ರೊಕ್ಕ ಯಾರಿಗರ ಬಂದೈತೇನ್ರಿ?" ದೀಪಾವಳಿ ಹತ್ತಿರವಾಗಿದ್ದರೆ ಕೊಬ್ಬರಿ ಕಟ್ಟಿ ಓಡಿಸುವ ಹೋರಿಯ ವಿಡಿಯೊ, ಹಿಂದೆ ಡೊಳ್ಳಿನ ಸದ್ದು.

ಇದರಲ್ಲಿ ಸುದ್ದಿ ಎಷ್ಟು, ಅಭಿಪ್ರಾಯ ಎಷ್ಟು, ಹಾಕಿದ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಕೂತು ಲೆಕ್ಕ ಹಾಕಿದವರು ಕಡಿಮೆ. "ಮೊಬೈಲ್ ಬಂದು ಊರು ಕೆಟ್ಟಿತು" ಎನ್ನುವವರೂ "ಮೊಬೈಲಿನಿಂದ ಜನ ಜಾಗೃತರಾದರು" ಎನ್ನುವವರೂ ಒಂದೇ ಕಟ್ಟೆಯ ಮೇಲೆ ಕೂತಿರುತ್ತಾರೆ. ಹಾವೇರಿ ಜಿಲ್ಲೆಯ ಈಚಿನ ಕೆಲವು ಪ್ರಕರಣಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ನನಗೆ ಕಾಣುವುದು ಬೇರೆ. ನಮ್ಮ ಭಾಗದ ಜನ ದೂರದ ವಿಷಯಕ್ಕೆ ಬಾಯಿ ಸಡಿಲ ಬಿಡುತ್ತಾರೆ, ಮನೆ ಮುಂದಿನ ವಿಷಯಕ್ಕೆ ಬಿಗಿ ಹಿಡಿಯುತ್ತಾರೆ. ಹಾನಿ ಆಗುವುದು ಈ ಎರಡರ ನಡುವಿನ ಸಂದಿನಲ್ಲಿ.

ಊರಿನ ಸುದ್ದಿಯ ಮೇಲೆ ಅಭಿಪ್ರಾಯ ಹೇಳುವುದು ಇಲ್ಲಿಗೆ ಹೊಸದಲ್ಲ. ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲೇ 'ಸದ್ಬೋಧ ಚಂದ್ರಿಕೆ' ಹೊರಡುತ್ತಿತ್ತು. ಅದರೊಡನೆ ದುಡಿದ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಓದುಗನ ಮನೆ ಬಾಗಿಲಿಗೇ ಹೋಗಿ ನಿಂತ ಲೇಖಕನಿಗೆ ಅಭಿಪ್ರಾಯವೂ ಅಲ್ಲೇ, ಮುಖಕ್ಕೆ ಮುಖ ಕೊಟ್ಟೇ ಸಿಕ್ಕಿರಬೇಕು. ಮೋಟೆಬೆನ್ನೂರಿನವರೇ ಆದ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯೊಡನೆ ದಂಡಿಗೆ ನಡೆದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋಗಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೊಡನೆ ಪೊಲೀಸರ ಗುಂಡಿಗೆ ಬಲಿಯಾದರು. ಚಲೇಜಾವ್ ದಿನಗಳಲ್ಲಿ ಇಂಥ ಸುದ್ದಿ ಕದ್ದುಮುಚ್ಚಿ ಹಂಚಿದ ಬುಲೆಟಿನ್‌ಗಳಲ್ಲಿ, ಬಾಯಿಂದ ಬಾಯಿಗೆ ಹೋಗಬೇಕಿತ್ತು. ತಪ್ಪು ಸುದ್ದಿ ಒಯ್ದವನಿಗೆ ಮರುದಿನವೇ ಬೆಲೆ ತೆರುವ ಭಯವಿತ್ತು.

ಆಮೇಲಿನದು ಪತ್ರಿಕೆಯ ಕಾಲ. ಹುಬ್ಬಳ್ಳಿಯಿಂದ ಬರುವ ಸಂಯುಕ್ತ ಕರ್ನಾಟಕವೋ ಪ್ರಜಾವಾಣಿಯೋ ಬಸ್ಸಿನಲ್ಲಿ ಊರು ತಲುಪಿ, ಸಲೂನು, ಚಹಾದಂಗಡಿಗಳಲ್ಲಿ ಹಾಳೆ ಹಾಳೆಯಾಗಿ ಹಂಚಿಹೋಗುತ್ತಿತ್ತು. 'ವಾಚಕರ ವಾಣಿ'ಗೆ ಬರೆಯುವವರು ಊರಿಗೆ ಒಬ್ಬಿಬ್ಬರು, ಹೆಚ್ಚಾಗಿ ನಿವೃತ್ತ ಮಾಸ್ತರರು. ಒಂದು ಕಾರ್ಡು ಬರೆದು, ಹೆಸರು ಊರು ನಮೂದಿಸಿ ಅಂಚೆಗೆ ಹಾಕಿದರೆ ಎರಡು ವಾರಕ್ಕೆ ನಾಲ್ಕು ಸಾಲಾಗಿ ಬರುತ್ತಿತ್ತು. ಬಾರದಿದ್ದರೆ ಇಲ್ಲ. ಆ ನಾಲ್ಕು ಸಾಲಿಗೆ ತಹಶೀಲ್ದಾರರ ಕಚೇರಿಯಲ್ಲಿ ಸ್ವಲ್ಪ ಭಾರ ಇರುತ್ತಿತ್ತು ಎಂಬುದನ್ನು ಆ ಕಾಲದ ಗುಮಾಸ್ತರು ಒಪ್ಪುತ್ತಾರೆ. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾಯಿತು. ಪತ್ರಿಕೆಗಳಲ್ಲಿ ಜಿಲ್ಲೆಯ ಹೆಸರಿನ ಪುಟ ಬಂತು, ತಾಲ್ಲೂಕಿಗೊಬ್ಬ ವರದಿಗಾರ ಬಂದ. ಬರೆಯುವ ಓದುಗ ಮಾತ್ರ ಆಗಲೂ ಊರಿಗೆ ಒಬ್ಬನೇ ಇದ್ದ.

ಬದಲಾದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ. ಡೇಟಾ ಅಗ್ಗವಾಯಿತು. ಕನ್ನಡದಲ್ಲಿ ಟೈಪಿಸಲು ಬಾರದವರು ಮೈಕಿನ ಗುಂಡಿ ಒತ್ತಿ ಮಾತಾಡಿ ಕಳಿಸತೊಡಗಿದರು. ಹೆಚ್ಚಿನವರು ಈ ವಾಯ್ಸ್ ಮೆಸೇಜನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಹೊಲದ ಬದುವಿನ ಮೇಲೆ ನಿಂತು, ಅಕ್ಷರದ ಹಂಗಿಲ್ಲದೆ, ತನ್ನದೇ ಮಾತಿನ ಧಾಟಿಯಲ್ಲಿ ಒಬ್ಬ ರೈತ ಊರಿಗೆಲ್ಲ ಕೇಳುವಂತೆ ಮಾತಾಡಿದ್ದು ಚರಿತ್ರೆಯಲ್ಲಿ ಅದೇ ಮೊದಲು. 2022ರಲ್ಲಿ ಗ್ರೂಪಿನ ಮಿತಿ 1,024ಕ್ಕೆ ಏರಿದಾಗ ಸಣ್ಣ ಹಳ್ಳಿಗಳ ಮನೆಗೊಬ್ಬರಂತೆ ಎಲ್ಲರೂ ಒಂದೇ ಗ್ರೂಪಿನೊಳಗೆ ಹಿಡಿಸುವಂತಾಯಿತು.

ಮೆಣಸಿನಕಾಯಿ ಪೇಟೆಯಿಂದಲೇ ಶುರುಮಾಡೋಣ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಮಸಾಲೆ ಕಂಪನಿಗಳೂ ಓಲಿಯೋರೆಸಿನ್ ತೆಗೆಯುವ ಕಾರ್ಖಾನೆಗಳೂ ಇದನ್ನು ಹುಡುಕಿಕೊಂಡು ಬರುತ್ತವೆ. ಹೆಸರು ಬ್ಯಾಡಗಿಯದಾದರೂ ಪೇಟೆಗೆ ಬರುವ ಕಾಯಿ ಬಹುಪಾಲು ಹೊರಗಿನದು: ಗದಗ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು, ಆದೋನಿ. ಹಂಗಾಮಿನಲ್ಲಿ ಒಂದೇ ದಿನಕ್ಕೆ ಲಕ್ಷಗಟ್ಟಲೆ ಚೀಲ ಇಳಿಯುತ್ತವೆ. ದಲಾಲಿ ಅಂಗಡಿ ಮುಂದೆ ಲಾಟ್ ಹಚ್ಚುತ್ತಾರೆ. ಖರೀದಿದಾರರು ಚೀಲದ ಬಾಯಿ ಬಿಚ್ಚಿ, ಕಾಯಿ ಮುರಿದು, ಹಸಿ ಎಷ್ಟಿದೆ ಎಂದು ಕೈಯಲ್ಲೇ ತೂಗಿ ನೋಡಿ, ಇ-ಟೆಂಡರಿನಲ್ಲಿ ದರ ಹಾಕುತ್ತಾರೆ. ಕಂಪ್ಯೂಟರಿನಿಂದ ಪಟ್ಟಿ ಹೊರಬೀಳುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತ ಬಿಟ್ಟುಕೊಡಬೇಕಿಲ್ಲ. ಆದರೆ ಮುನ್ನೂರು ಕಿಲೋಮೀಟರ್ ಲಾರಿ ಬಾಡಿಗೆ ಕೊಟ್ಟು ಬಂದವನಿಗೆ ಆ ಹಕ್ಕು ಕಾಗದದ ಮೇಲಿನದೇ. ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದೊಂದು ದಾರಿ, ಅದಕ್ಕೂ ಬಾಡಿಗೆ.

ಈ ಇಡೀ ವ್ಯವಹಾರದಿಂದ ಗ್ರೂಪಿಗೆ ಬರುವುದು ಒಂದೇ ಸಂಖ್ಯೆ: ಆ ದಿನದ ಗರಿಷ್ಠ ದರ. ಡಬ್ಬಿಕಾಯಿ ಎಂಬ ಜಾತಿಯ ಒಂದು ಆಯ್ದ ಲಾಟು ಕ್ವಿಂಟಲ್‌ಗೆ ಅರ್ಧ ಲಕ್ಷ ದಾಟಿದರೆ ಸಂಜೆಯೊಳಗೆ ಆ ಚೀಟಿ ರಾಯಚೂರು ಮುಟ್ಟಿರುತ್ತದೆ, ಹಾರ ಹಾಕಿಸಿಕೊಂಡ ರೈತನ ಫೋಟೊ ಸಮೇತ. ಎಪಿಎಂಸಿ ಕೊಡುವ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ಮೂರೂ ಇರುತ್ತವೆ. ಕನಿಷ್ಠ ದರವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಸರಾಸರಿ ಯಾರಿಗೂ ರುಚಿಸುವುದಿಲ್ಲ. ತನ್ನ ಹೊಲದ ಬೇರೆ ಜಾತಿಯ ಕಡ್ಡಿಕಾಯಿಯನ್ನೋ ಗುಂಟೂರಕಾಯಿಯನ್ನೋ ತಂದವನು ಡಬ್ಬಿಯ ದರ ತಲೆಯಲ್ಲಿಟ್ಟುಕೊಂಡೇ ಪೇಟೆಯೊಳಗೆ ಕಾಲಿಡುತ್ತಾನೆ.

2024ರ ಮಾರ್ಚ್ 11 ಸೋಮವಾರ. ದರ ಕುಸಿದದ್ದು ಕಂಡ ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಯ ಗಾಜು, ಪೀಠೋಪಕರಣ ಪುಡಿಯಾದವು. ವಾಹನಗಳಿಗೆ ಬೆಂಕಿ ಬಿತ್ತು, ಆರಿಸಲು ಬಂದ ಅಗ್ನಿಶಾಮಕ ವಾಹನವನ್ನೂ ಬಿಡಲಿಲ್ಲ. ಪೊಲೀಸರು ಕೆಲಹೊತ್ತು ಏನೂ ಮಾಡಲಾರದೆ ನಿಂತರು. ಮುಂದೆ ಹತ್ತಾರು ಜನರ ಬಂಧನವಾಯಿತು. ಇದಕ್ಕೆ ಮೊಬೈಲನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಆ ವರ್ಷ ಬೆಳೆ ವಿಪರೀತ ಬಂದಿತ್ತು, ಹಿಂದಿನ ವರ್ಷದ ದರ ನೋಡಿ ಬಿತ್ತಿದವರು ಹೆಚ್ಚಿದ್ದರು. ಮೇಲಾಗಿ ಜನ ಸಿಟ್ಟಿಗೇಳಲು ಫೋನು ಬೇಕಿಲ್ಲ. 2008ರ ಜೂನ್ 10ರಂದು ರಸಗೊಬ್ಬರ ಸಿಗದೆ ಹಾವೇರಿಯಲ್ಲಿ ರೈತರು ಬೀದಿಗಿಳಿದು ಪೊಲೀಸರ ಗುಂಡಿಗೆ ಬಲಿಯಾದಾಗ ಈ ಯಾವ ಗ್ರೂಪೂ ಇರಲಿಲ್ಲ. ಫೋನು ಮಾಡಿದ್ದು ಇಷ್ಟೇ: ನಿರೀಕ್ಷೆಯನ್ನು ಒಂದು ಸಂಖ್ಯೆಗೆ ಕಟ್ಟಿಹಾಕಿತು. ಕಾಯಿಯ ಜಾತಿ, ಹಸಿ, ಆವಕ ಎಷ್ಟು ಎಂಬ ವಿವರ ಕಳಚಿಕೊಂಡ ಸಂಖ್ಯೆ ಅದು.

ವಕ್ಫ್ ಗಲಾಟೆಯಲ್ಲಿ ಕಳಚಿಕೊಂಡದ್ದು ಇನ್ನೂ ದೊಡ್ಡದು. 2024ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರ ಜಮೀನು ವಕ್ಫ್ ಪಾಲಾಗುತ್ತದೆ ಎಂಬ ವಿಷಯ ರಾಜ್ಯವನ್ನೆಲ್ಲ ಸುತ್ತಿತು. ಪಹಣಿಯಲ್ಲಿ ವಕ್ಫ್ ಎಂದು ನಮೂದಾಗಿದೆಯೇ ಎಂದು ಜನ ತಮ್ಮ ತಮ್ಮ ಉತಾರ ತೆಗೆಸಿ ನೋಡತೊಡಗಿದರು. ನೋಡುವುದು ಸರಿಯೇ, ಎಷ್ಟೋ ಕಡೆ ನೋಟಿಸುಗಳೂ ಹೋಗಿದ್ದವು, ಸರ್ಕಾರವೇ ನವೆಂಬರಿನಲ್ಲಿ ಅವನ್ನು ಹಿಂಪಡೆಯಲು ಹೇಳಿತು. ಆದರೆ ಸವಣೂರು ತಾಲ್ಲೂಕಿನ ಕಡಕೋಳದಲ್ಲಿ ಅಕ್ಟೋಬರ್ ಕೊನೆಯ ಒಂದು ರಾತ್ರಿ, ನಮ್ಮ ಮನೆ ಜಾಗವೂ ವಕ್ಫಿಗೆ ಹೋಗುತ್ತದೆ ಎಂಬ ಗಾಳಿಮಾತಿಗೆ ಜನ ಸೇರಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ತೂರಿದರು. ಕಲ್ಲು ತೂರಿದವರಿಗೂ ಮನೆಯೊಳಗಿದ್ದವರಿಗೂ ಒಬ್ಬರಿಗೊಬ್ಬರ ಹೆಸರು, ಹೊಲದ ಸರ್ವೆ ನಂಬರು ಎಲ್ಲ ಗೊತ್ತು. ಎದುರು ಮನೆಯ ಬಾಗಿಲು ಬಡಿದು ಕೇಳಬಹುದಾದ ಪ್ರಶ್ನೆಗೆ ಯಾರೂ ಅಲ್ಲಿ ಉತ್ತರ ಹುಡುಕಲಿಲ್ಲ.

ಅದಾಗಿ ಸುಮಾರು ಒಂದು ವಾರಕ್ಕೆ ಇನ್ನೊಂದು. ಹಾವೇರಿ ಜಿಲ್ಲೆಯ ರೈತರೊಬ್ಬರು ವಕ್ಫ್ ಕಾರಣಕ್ಕೆ ಆತ್ಮಹತ್ಯೆ ಮಾಡಿಕೊಂಡರು ಎಂಬ ಸುದ್ದಿಯನ್ನು ಕನ್ನಡ ಸುದ್ದಿ ಜಾಲತಾಣಗಳು ಹಾಕಿದವು, ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಎಕ್ಸ್‌ನಲ್ಲಿ ಹಂಚಿಕೊಂಡರು. ಆ ಸಾವು ಆದದ್ದು 2022ರ ಜನವರಿಯಲ್ಲಿ, ಕಾರಣ ಸಾಲ ಮತ್ತು ಬೆಳೆ ಹಾನಿ ಎಂದು ಹಾವೇರಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿ ಸ್ಪಷ್ಟನೆ ಕೊಟ್ಟ ಮೇಲೆ ಪೋಸ್ಟ್ ಮಾಯವಾಯಿತು. ಹಾವೇರಿಯಲ್ಲಿ ಪ್ರಕರಣ ದಾಖಲಾಯಿತು. ಸಂಸದರ ಮೇಲಿನ ಪ್ರಕರಣವನ್ನು ಹೈಕೋರ್ಟ್ ಡಿಸೆಂಬರಿನಲ್ಲಿ ರದ್ದು ಮಾಡಿತು. ರಾಜ್ಯ ಸರ್ಕಾರದ ಮೇಲ್ಮನವಿಯನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಅದು ಅಪರಾಧವೋ ಅಲ್ಲವೋ ಎಂಬುದನ್ನು ಕೋರ್ಟು ಹೇಳಿತು, ಮುಗಿಯಿತು. ನನ್ನ ತಕರಾರು ಬೇರೆ. ಆ ನಾಲ್ಕೈದು ದಿನ ಪರ ವಿರೋಧ ಎಂದು ಬಡಿದಾಡಿದವರಲ್ಲಿ ಹೆಚ್ಚಿನವರು ಈ ಜಿಲ್ಲೆಗೆ ಕಾಲಿಟ್ಟವರಲ್ಲ. ರೈತನೊಬ್ಬ ಸಾಲಕ್ಕೆ ಸತ್ತ ಎಂಬುದು ಎರಡೂ ಕಡೆಯವರ ಮಾತಿನಲ್ಲಿ ಪಕ್ಕಕ್ಕೆ ಸರಿಯಿತು. ಸುಳ್ಳೆಂದು ಸಾಬೀತು ಮಾಡಿದವರೂ "ಸಾವು ಹಳೆಯದು" ಎಂಬಲ್ಲಿಗೆ ನಿಂತರು. ಮಳೆ ಕೈಕೊಟ್ಟದ್ದು, ಬ್ಯಾಂಕು ಮತ್ತು ಕೈಗಡ, ಪರಿಹಾರ ಬಂತೋ ಇಲ್ಲವೋ ಇವೆಲ್ಲ ಹಾವೇರಿಯ ನಿಜವಾದ ಸುದ್ದಿ. ಅವುಗಳ ಮೇಲೆ ಒಂದು ಹ್ಯಾಷ್‌ಟ್ಯಾಗೂ ಹುಟ್ಟಲಿಲ್ಲ.

ಹತ್ತಿರದ ಮಾತಿಗೆ ಬಾಯಿ ಯಾಕೆ ಬಿಗಿಯುತ್ತದೆ? ಕಾನೂನಿನ ಭಯದಿಂದ ಅಲ್ಲ. ಬೆಂಗಳೂರಿನವನು ಸುಳ್ಳು ಹೆಸರಿನಲ್ಲಿ ಬರೆದು ದಕ್ಕಿಸಿಕೊಳ್ಳಬಹುದು. ಮೋಟೆಬೆನ್ನೂರಿನಂಥ ಊರಲ್ಲಿ ದನಿ ಕೇಳಿದರೆ ಸಾಕು, ಯಾರ ಮಗ ಎಂದು ಗೊತ್ತಾಗುತ್ತದೆ. ಗಟಾರ ಕಟ್ಟಿ ಹೊಲಸು ನೀರು ರಸ್ತೆಗೆ ಹರಿದಿದೆ ಎಂದು ಫೋಟೊ ಹಾಕಿದರೆ, ಆ ವಾರ್ಡಿನ ಸದಸ್ಯರು ಅದೇ ಗ್ರೂಪಿನಲ್ಲಿದ್ದಾರೆ, ಗುತ್ತಿಗೆ ಹಿಡಿದವರು ಸಂಬಂಧದಲ್ಲಿ ಮಾವ ಆಗಬೇಕು. ಅರ್ಧ ಗಂಟೆಯಲ್ಲಿ ಬೇರೆ ಕಡೆಯಿಂದ ಫೋನು ಬರುತ್ತದೆ: "ಕಾಕಾ, ಅದನ್ನ ಗ್ರೂಪಿಗೆ ಹಾಕೂದು ಬ್ಯಾಡಾಗಿತ್ರಿ. ಮನಿಗೆ ಬಂದು ಹೇಳಿದ್ರ ಆಗ್ತಿತ್ತು." ಕಾಕಾ ಫೋಟೊ ಅಳಿಸುತ್ತಾರೆ. 'ಈ ಸಂದೇಶ ಅಳಿಸಲಾಗಿದೆ' ಎಂಬ ಸಾಲು ಉಳಿಯುತ್ತದೆ, ಗಟಾರವೂ ಉಳಿಯುತ್ತದೆ. ಇನ್ನೂ ಜೋರಾಗಿ ಮಾತಾಡಿದರೆ ಅಡ್ಮಿನ್ ರಿಮೂವ್ ಮಾಡುತ್ತಾನೆ, ಇಲ್ಲವೇ ಅಡ್ಮಿನ್ ಒಬ್ಬನೇ ಮಾತಾಡುವಂತೆ ಗ್ರೂಪಿಗೆ ಬೀಗ ಜಡಿಯುತ್ತಾನೆ. ಚುನಾವಣೆ ಹತ್ತಿರವಾದಾಗ ಊರಿಗೆ ಎರಡನೇ ಗ್ರೂಪು ಹುಟ್ಟುವುದು ಹೀಗೆ.

ಬ್ಯಾಡಗಿ ಪಟ್ಟಣದ ಮುಖ್ಯರಸ್ತೆಯ ವಿಷಯ ಇದಕ್ಕೆ ಒಳ್ಳೆಯ ಉದಾಹರಣೆ. ಗಜೇಂದ್ರಗಡ–ಸೊರಬ ರಾಜ್ಯ ಹೆದ್ದಾರಿ ಊರೊಳಗೆ ಹಾಯುವ ಆ ಇಕ್ಕಟ್ಟಿನ ತುಂಡನ್ನು ಅಗಲ ಮಾಡಬೇಕೆಂದು ವರ್ಷಗಟ್ಟಲೆ ಹೋರಾಟ, ಬಂದ್, ಕೋರ್ಟು, ಎಲ್ಲ ನಡೆದವು. ರಸ್ತೆ ಅಗಲ ಆಗಲಿ ಎಂಬುದಕ್ಕೆ ಎಲ್ಲರದೂ ಲೈಕು. ಎಷ್ಟು ಅಡಿ, ಯಾರ ಅಂಗಡಿಯ ಎಷ್ಟು ಕಟ್ಟೆ ಹೋಗಬೇಕು ಎಂಬ ಪ್ರಶ್ನೆ ಬಂದ ಕೂಡಲೇ ಮಾತು ಗ್ರೂಪಿನಿಂದ ಹೊರಗೆ ಹೋಗಿ ವಕೀಲರ ಕಚೇರಿಯಲ್ಲಿ ಕೂರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆಸ್ತಿ ಕಳೆದುಕೊಳ್ಳುವವನಿಗೆ ಅಭಿಪ್ರಾಯ ಎಂಬುದು ಪುಕ್ಕಟೆ ಸಿಗುವ ವಸ್ತುವಲ್ಲ.

ಊರ ಗ್ರೂಪಿನಲ್ಲಿ ಹೆಂಗಸರ ದನಿಯೂ ವಿರಳ. ಸ್ವಸಹಾಯ ಸಂಘದ ಗ್ರೂಪು, ಅಂಗನವಾಡಿಯ ಗ್ರೂಪು, ಮಕ್ಕಳ ಶಾಲೆಯ ಗ್ರೂಪುಗಳಲ್ಲಿ ಅವರು ಮಾತಾಡುತ್ತಾರೆ, ಚೆನ್ನಾಗಿಯೇ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದರ ನಿಖರ ಲೆಕ್ಕ ಇರುವುದು ಅಲ್ಲಿ. ಪಂಚಾಯಿತಿಯವರು ಓದುವುದು ಗಂಡಸರ ಗ್ರೂಪನ್ನು.

ಹೋರಿ ಬೆದರಿಸುವ ಹಬ್ಬದ ಬಗ್ಗೆ ಮಾತ್ರ ಜನ ಹತ್ತಿರದ್ದಾದರೂ ಬಿಚ್ಚಿ ಮಾತಾಡುತ್ತಾರೆ. ಹಾವೇರಿಯ ಹೋರಿಗಳಿಗೆ ಸಿನಿಮಾ ನಟರಿಗಿರುವಂತೆ ಅಭಿಮಾನಿಗಳಿದ್ದಾರೆ, ಬ್ಯಾನರ್ ಇದೆ, ಹೋರಿಯ ಹೆಸರಿನಲ್ಲೇ ಪುಟಗಳಿವೆ. 2025ರ ದೀಪಾವಳಿಯಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆ ಹೋರಿ ಹಾಯ್ದು ಜನ ಸತ್ತಾಗ ಆ ಪುಟಗಳ ಕೆಳಗೇ ವಾದ ನಡೆಯಿತು. ನೋಡಲು ಬಂದವರು ಅಖಾಡದ ಅಂಚಿಗೆ ಯಾಕೆ ನಿಲ್ಲಬೇಕು, ಬೇಲಿ ಯಾಕಿಲ್ಲ, ಅನುಮತಿ ಕೊಟ್ಟವರು ಯಾರು, ನಿಲ್ಲಿಸಿದರೆ ಹೋರಿ ಸಾಕಿದವನ ಗತಿ ಏನು? ಗದ್ದಲವಿದ್ದರೂ ಅದರೊಳಗೆ ಬೇಲಿ ಎಷ್ಟೆತ್ತರ ಇರಬೇಕು ಎಂಬಂಥ ಬಳಕೆಗೆ ಬರುವ ಮಾತುಗಳಿರುತ್ತವೆ. ಹೇಳುವವರು ಕಣ್ಣಾರೆ ಕಂಡವರಾದ್ದರಿಂದ ಹಾಗೆ ಎಂದು ನನ್ನ ಊಹೆ.

ಜಾಲದ ಮಾತು ನೆಲಕ್ಕಿಳಿದದ್ದೂ ಉಂಟು. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಗೋಷ್ಠಿಗಳಲ್ಲಿ ಮುಸ್ಲಿಂ ಲೇಖಕರನ್ನು ಕಡೆಗಣಿಸಲಾಗಿದೆ ಎಂಬ ಆಕ್ಷೇಪ ಫೇಸ್‌ಬುಕ್ಕಿನಲ್ಲಿ ಬೆಳೆದು, ಜನವರಿ 8ರಂದೇ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನವಾಗಿ ನಿಂತಿತು. ಒಪ್ಪುವುದು ಬಿಡುವುದು ಬೇರೆ, ಆಕ್ಷೇಪಕ್ಕೆ ಹೆಸರಿತ್ತು, ಆಮಂತ್ರಣ ಪತ್ರಿಕೆಯೇ ಸಾಕ್ಷಿಯಾಗಿತ್ತು.

ಕಾನೂನಿನ ಕಡೆಗೆ ಒಂದು ನೋಟ ಸಾಕು. ಜಾಲದಲ್ಲಿ ಬರೆದದ್ದಕ್ಕೆ ಜೈಲಿಗೆ ಹಾಕುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಹೊಡೆದುಹಾಕಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ ಬೆನ್ನಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡನ್ನು ಐದಕ್ಕೆ ಇಳಿಸಿತು. ಗ್ರೂಪಿನ ಸದಸ್ಯ ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ, ಆದರೂ ನಮ್ಮ ಕಡೆಯ ಅಡ್ಮಿನ್‌ಗಳು ತಿಂಗಳಿಗೊಮ್ಮೆ "ಅಡ್ಮಿನ್ ಜವಾಬ್ದಾರನಲ್ಲ" ಎಂದು ಹಾಕುವುದನ್ನು ಬಿಟ್ಟಿಲ್ಲ. 2025ರಲ್ಲಿ ಹೊರಬಿದ್ದ ಕರ್ನಾಟಕದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ ಎಂದಿತ್ತು. ಇಂಥ ಕಾನೂನು ಬಂದರೆ ದೂರದ ಸುಳ್ಳು ನಿಲ್ಲುತ್ತದೆಯೋ ಇಲ್ಲವೋ, ಗಟಾರದ ಫೋಟೊ ಹಾಕುವ ಕಾಕಾ ಮೊದಲು ನಿಲ್ಲಿಸುತ್ತಾರೆ ಎಂಬ ಅಂಜಿಕೆ ನನಗಿದೆ. ಅವರ ಹೆಸರು, ನಂಬರು ಎಲ್ಲರ ಕೈಯಲ್ಲಿದೆ.

ಹಾಗಾದರೆ ಯಾವ ಮಾತು ಕೆಲಸ ಮಾಡುತ್ತದೆ? ಬೀದಿ ದೀಪ ಕೆಟ್ಟ ಸಂದೇಶಗಳನ್ನೇ ತೆಗೆದುಕೊಳ್ಳಿ. "ನಮ್ಮ ಓಣ್ಯಾಗ ಲೈಟ್ ಇಲ್ಲ, ಕೇಳೋರಿಲ್ಲ, ಎಲ್ಲಾರೂ ಶೇರ್ ಮಾಡ್ರಿ" ಎಂಬುದಕ್ಕೆ ಇಪ್ಪತ್ತು ಹೆಬ್ಬೆಟ್ಟು ಬಿದ್ದು ಸುಮ್ಮನಾಗುತ್ತದೆ. ಕಂಬದ ಮೇಲೆ ಬರೆದ ನಂಬರು, ಯಾವ ದಿನದಿಂದ ಇಲ್ಲ, ಯಾರ ಮನೆ ಎದುರು, ಹೆಸ್ಕಾಂನ 1912ಕ್ಕೆ ಫೋನು ಮಾಡಿದಾಗ ಕೊಟ್ಟ ದೂರಿನ ಸಂಖ್ಯೆ, ಇಷ್ಟನ್ನು ಹಾಕಿದವನ ಸಂದೇಶಕ್ಕೆ ಹೆಬ್ಬೆಟ್ಟು ಕಡಿಮೆ. ಆದರೆ ಲೈನ್‌ಮನ್‌ಗೆ ಬೇಕಾದ್ದು ಅದೇ, ಪಂಚಾಯಿತಿಯವರು ಉತ್ತರ ಕೊಡಲೇಬೇಕಾದ್ದೂ ಅದಕ್ಕೇ. ಸರ್ಕಾರದ 1902 ಜನಸ್ಪಂದನ ಸಹಾಯವಾಣಿಗೆ ಹೇಳಿದರೂ ಒಂದು ನೋಂದಣಿ ಸಂಖ್ಯೆ ಸಿಗುತ್ತದೆ. ಆ ಸಂಖ್ಯೆ ಗ್ರೂಪಿಗೆ ಬಿದ್ದರೆ ಗುತ್ತಿಗೆದಾರ ಮಾವನಿಗೂ ಬೇಸರವಿಲ್ಲ, ಯಾಕೆಂದರೆ ಅದರಲ್ಲಿ ಅವನ ಹೆಸರಿಲ್ಲ.

ಇನ್ನು ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು, ಅದಕ್ಕೂ ಮೊದಲು ವಾರ್ಡ್ ಸಭೆ. ಅಲ್ಲಿ ಎದ್ದು ನಿಂತು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಹೋಗುತ್ತದೆ, ಪಿಡಿಒ ಸಹಿ ಬೀಳುತ್ತದೆ, ಬೇಕೆಂದರೆ ಮಾಹಿತಿ ಹಕ್ಕಿನಲ್ಲಿ ನಕಲು ತೆಗೆಯಬಹುದು. ಗ್ರೂಪಿನಲ್ಲಿ ಸಾವಿರ ಸಲ ಬಂದ ಮಾತು ಆ ಪುಸ್ತಕದಲ್ಲಿ ಒಂದು ಸಾಲೂ ಆಗುವುದಿಲ್ಲ. ಈಚೆಗೆ ಕೆಲವು ಊರುಗಳಲ್ಲಿ ಹುಡುಗರು ಸಭೆಯ ನೋಟಿಸನ್ನು ಹಿಂದಿನ ದಿನವೇ ಗ್ರೂಪಿಗೆ ಹಾಕಿ, ಹಿಂದಿನ ಸಭೆಯಲ್ಲಿ ಬರೆಸಿದ್ದೇನು, ಆದದ್ದೇನು ಎಂದು ಕೆಳಗೆ ಸೇರಿಸುವುದನ್ನು ಕಂಡಿದ್ದೇನೆ. ಆ ಸಂದೇಶಕ್ಕೂ ಹೆಬ್ಬೆಟ್ಟು ನಾಲ್ಕೋ ಐದೋ. ಸಭೆಗೆ ಜನ ಬಂದರೆ ಕೋರಂ ಆಗುತ್ತದೆ, ಬಾರದಿದ್ದರೆ ಮುಂದೂಡುತ್ತಾರೆ, ನೋಟಿಸು ಮತ್ತೆ ಗ್ರೂಪಿಗೆ ಬರುತ್ತದೆ.